ಅಜ್ಜಿ ಗಾಡಿಯಲ್ಲೇ ಕೂರದಿರಲಿ: ಮೂರು ತಲೆಮಾರಿನ ಮೈಸೂರು ಪ್ರವಾಸಕ್ಕೆ ತಯಾರಿ

ಎರಡು ವರ್ಷದ ಹಿಂದೆ ಶಿವಮೊಗ್ಗದಿಂದ ಮನೆಮಂದಿಯೆಲ್ಲ ಮೈಸೂರಿಗೆ ಹೋಗಿದ್ದೆವು. ಅತ್ತೆ, ಮಾವ, ನಾವಿಬ್ಬರು, ಐದು ವರ್ಷದ ಮಗಳು, ಇನ್ನೂ ಹೆಜ್ಜೆ ಊರಲು ಕಲಿಯುತ್ತಿದ್ದ ಮಗ. ಒಂದೇ ದಿನದಲ್ಲಿ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಸಂಜೆಗೆ ಬೃಂದಾವನ. ರಾತ್ರಿ ಊಟಕ್ಕೆ ಕೂತಾಗ ಮಗಳು ಕೇಳಿದಳು: "ಅಜ್ಜಿ, ನಿಂಗೆ ಜಿರಾಫೆ ಇಷ್ಟ ಆಯ್ತಾ, ಆನೆ ಇಷ್ಟ ಆಯ್ತಾ?" ಅತ್ತೆ ಅನ್ನ ಕಲೆಸುತ್ತಲೇ ಹೇಳಿದರು: "ನಾನೆಲ್ಲಿ ನೋಡಿದೆ ಪುಟ್ಟಿ, ಗಾಡಿಯಲ್ಲೇ ಇದ್ನಲ್ಲ."

ಲೆಕ್ಕ ಹಾಕಿದರೆ ನಾಲ್ಕು ಜಾಗಗಳಲ್ಲಿ ಮೂರು ಕಡೆ ಅವರು ಗಾಡಿಯಿಂದ ಇಳಿದೇ ಇರಲಿಲ್ಲ. ಪ್ರತಿ ಸಲವೂ "ನೀವು ನೋಡ್ಕೊಂಡು ಬನ್ನಿ, ನಾನಿಲ್ಲೇ ಇರ್ತೀನಿ" ಅಂದಿದ್ದರು. ನಾವು ಹೂಂ ಅಂದು ಹೋಗಿದ್ದೆವು. ಹಿರಿಯರ ಬಾಯಲ್ಲಿ ಆ ಮಾತು ಬಂತೆಂದರೆ ಪ್ರವಾಸದ ಯೋಜನೆಯಲ್ಲೇ ಏನೋ ತಪ್ಪಿದೆ ಎಂದು ಅರ್ಥ. ಕಳೆದ ಚಳಿಗಾಲದಲ್ಲಿ ಮತ್ತೆ ಹೋದಾಗ ನಾವು ಇಟ್ಟುಕೊಂಡ ನಿಯಮ ಒಂದೇ: ಯಾರೂ ಗಾಡಿಯಲ್ಲಿ ಉಳಿಯಬಾರದು. ಈ ಲೇಖನದ ಉಳಿದ ಮಾತೆಲ್ಲ ಆ ಒಂದು ನಿಯಮದಿಂದಲೇ ಹುಟ್ಟಿದ್ದು.

ಮೊದಲು ಕೇಳಿ, ಆಮೇಲೆ ಪಟ್ಟಿ

ಹಿರಿಯರನ್ನು "ಎಲ್ಲಿಗೆ ಹೋಗೋಣ?" ಎಂದು ಕೇಳಿದರೆ "ನಮಗೇನು ಬೇಕು, ಮಕ್ಕಳಿಗೆ ತೋರಿಸಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದನ್ನು ಕೊನೆಯ ಉತ್ತರ ಎಂದುಕೊಳ್ಳಬೇಡಿ. "ಮೈಸೂರಿಗೆ ಮೊದಲು ಯಾವಾಗ ಹೋಗಿದ್ರಿ? ಏನು ನೆನಪಿದೆ?" ಎಂದು ಕೇಳಿ ನೋಡಿ, ಬೇರೆಯೇ ಮಾತು ಹೊರಬರುತ್ತದೆ. ಅತ್ತೆಗೆ ನೆನಪಿದ್ದದ್ದು ದೇವರಾಜ ಮಾರುಕಟ್ಟೆಯ ಹೂವಿನ ಸಾಲು. ಮಾವನಿಗೆ ತಮ್ಮ ತಂದೆಯ ಹೆಗಲ ಮೇಲೆ ಕೂತು ನೋಡಿದ ದಸರಾ ಮೆರವಣಿಗೆ. ಅಂಬಾರಿಯಲ್ಲಿ ಮಹಾರಾಜರೇ ಕೂತು ಬರುತ್ತಿದ್ದ ಕಾಲ ಅದು. ನಮ್ಮ ಮೊದಲ ಪಟ್ಟಿಯಲ್ಲಿ ಮಾರುಕಟ್ಟೆಯ ಹೆಸರೇ ಇರಲಿಲ್ಲ.

ಮನೆಯ ಪ್ರತಿಯೊಬ್ಬರಿಂದಲೂ ಒಂದೊಂದು ಆಸೆ ಕೇಳಿ ಬರೆದುಕೊಳ್ಳಿ. ಮೂರು ವರ್ಷದ ಮಗುವಿನ ಆಸೆ "ರೈಲು" ಎಂದಿದ್ದರೆ ಅದೂ ಪಟ್ಟಿಗೆ ಸೇರಲಿ. ಆರು ಜನಕ್ಕೆ ಆರು ಆಸೆ, ಮೂರು ರಾತ್ರಿಯ ವಾಸ. ಅದಕ್ಕಿಂತ ಹೆಚ್ಚು ತುಂಬಿಸಲು ಹೋಗಬೇಡಿ.

ಯಾವ ದಿನ, ಯಾವ ಹೊತ್ತು

ಮೈಸೂರಿನಲ್ಲಿ ವಾರದ ದಿನಗಳೇ ನಿಮ್ಮ ಯೋಜನೆಯ ಅರ್ಧ ಭಾಗವನ್ನು ತೀರ್ಮಾನಿಸುತ್ತವೆ. ಮೃಗಾಲಯಕ್ಕೆ ಮಂಗಳವಾರ ರಜೆ. ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ. ಚಾಮುಂಡಿ ಬೆಟ್ಟದಲ್ಲಿ ಮಂಗಳವಾರ, ಶುಕ್ರವಾರ ಜನ ಜಾಸ್ತಿ. ಆಷಾಢ ಶುಕ್ರವಾರಗಳಲ್ಲಂತೂ ಮಕ್ಕಳು, ವಯಸ್ಸಾದವರನ್ನು ಕರೆದುಕೊಂಡು ಅತ್ತ ತಲೆಹಾಕುವುದೇ ಬೇಡ. ಇದನ್ನೆಲ್ಲ ಮುಂದಿಟ್ಟುಕೊಂಡು ನಾವು ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮೈಸೂರು ತಲುಪಿ ಬುಧವಾರ ಹೊರಡುವಂತೆ ದಿನ ಗೊತ್ತುಮಾಡಿಕೊಂಡೆವು. ಭಾನುವಾರ ಸಂಜೆ ಅರಮನೆಯ ದೀಪ. ಸೋಮವಾರ ಬೆಳಿಗ್ಗೆ ಮೃಗಾಲಯ, ಸಂಜೆ ರೈಲು ಮ್ಯೂಸಿಯಂ. ಮಂಗಳವಾರ ಬೆಳಿಗ್ಗೆ ಅರಮನೆಯ ಒಳಗೆ, ಸಂಜೆ ಮಾರುಕಟ್ಟೆ. ಬುಧವಾರ ಬೆಳಿಗ್ಗೆ ಬೆಟ್ಟ, ಅಲ್ಲಿಂದ ಊರಿಗೆ.

ಅರ್ಧ ದಿನಕ್ಕೆ ಒಂದೇ ಜಾಗ. ಮಧ್ಯಾಹ್ನ 12ರಿಂದ 4ರವರೆಗೆ ಊಟ ಮತ್ತು ರೂಮು. ಇಷ್ಟನ್ನು ಬಿಟ್ಟುಕೊಡಬೇಡಿ. ಚಿಕ್ಕ ಮಗುವಿಗೂ ಎಪ್ಪತ್ತು ದಾಟಿದವರಿಗೂ ಊಟವಾದ ಮೇಲೆ ಒಂದು ನಿದ್ದೆ ಬೇಕು. ಆ ಹೊತ್ತಿಗೆ ಬಿಸಿಲೂ ಏರಿರುತ್ತದೆ. ಮಧ್ಯಾಹ್ನದ ನಿದ್ದೆ ತಪ್ಪಿದ ಮಗು ಸಂಜೆ ಆರಕ್ಕೆ ರಚ್ಚೆ ಹಿಡಿಯುತ್ತದೆ. ಅದನ್ನು ಸಮಾಧಾನ ಮಾಡಲು ಅಜ್ಜಿ ಎದ್ದು ನಿಲ್ಲುತ್ತಾರೆ. ಅಲ್ಲಿಗೆ ಅವರ ಸಂಜೆಯೂ ಮುಗಿಯಿತು.

ಕಾಲ ಯಾವುದು ಎಂದರೆ ನವೆಂಬರ್‌ನಿಂದ ಫೆಬ್ರುವರಿ. ದಸರಾ ನೋಡಲೇಬೇಕು ಎನ್ನುವವರಿದ್ದಾರೆ, ಅದು ನೋಡಬೇಕಾದ್ದೇ. ಆದರೆ ಎರಡು ವರ್ಷದ ಕೂಸು ಮತ್ತು ಮಂಡಿನೋವಿನ ಅಜ್ಜಿ ಇಬ್ಬರೂ ಜೊತೆಗಿರುವ ವರ್ಷ ಜಂಬೂಸವಾರಿಯ ದಿನದ ನೂಕುನುಗ್ಗಲು ಬೇಡ ಎಂದೇ ನನ್ನ ಅಭಿಪ್ರಾಯ.

ಪ್ರಯಾಣ ಮತ್ತು ವಾಸ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ 138 ಕಿ.ಮೀ., ಎರಡರಿಂದ ಮೂರು ಗಂಟೆ ಸಾಕು. ಮಕ್ಕಳಿಗೆ ಓಡಾಡಲು ಜಾಗ, ಹಿರಿಯರಿಗೆ ಶೌಚಾಲಯ ಇರುವುದರಿಂದ ಹಗಲು ಪ್ರಯಾಣಕ್ಕೆ ರೈಲೇ ಮೇಲು. ದೂರದ ಊರಿನಿಂದ ರಾತ್ರಿ ರೈಲಿನಲ್ಲಿ ಬರುವವರು ಒಂದು ವಿಷಯ ತಿಳಿದಿರಬೇಕು. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಲೋವರ್ ಬರ್ತ್ ಕೋಟಾ ಇದೆ. ಆದರೆ ಒಂದೇ ಟಿಕೆಟಿನಲ್ಲಿ ಇಬ್ಬರಿಗಿಂತ ಹೆಚ್ಚು ಜನರಿದ್ದರೆ, ಅಥವಾ ಚಿಕ್ಕವರ ಹೆಸರೂ ಸೇರಿದ್ದರೆ ಆ ಕೋಟಾ ಸಿಗುವುದಿಲ್ಲ. ಹಾಗಾಗಿ ಅಜ್ಜ ಅಜ್ಜಿಯರ ಟಿಕೆಟನ್ನು ಬೇರೆಯಾಗಿ ಮಾಡಿಸಿ. ಬೋಗಿ ಬೇರೆಯಾಗಬಹುದು ಎನ್ನುವುದೂ ಗೊತ್ತಿರಲಿ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ, ಆದರೆ ಪ್ರತ್ಯೇಕ ಸೀಟೂ ಸಿಗುವುದಿಲ್ಲ. ಮಗು ಯಾರ ತೊಡೆಯ ಮೇಲೆ ಎನ್ನುವುದನ್ನು ಮೊದಲೇ ತೀರ್ಮಾನಿಸಿ. ಅದು ಅಜ್ಜಿಯ ತೊಡೆ ಆಗದಿರಲಿ.

ಬಸ್ಸಿನಲ್ಲಿ ಹೋಗುವವರು ಎಲ್ಲರ ಗುರುತಿನ ಚೀಟಿ ಜೊತೆಗಿಟ್ಟುಕೊಳ್ಳಿ. ರಾಜ್ಯದ ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತ. 60 ದಾಟಿದವರಿಗೆ ಕೆಎಸ್‌ಆರ್‌ಟಿಸಿ ಟಿಕೆಟ್ ದರದಲ್ಲಿ ಶೇ 25 ರಿಯಾಯಿತಿ ಇದೆ.

ಊರೊಳಗೆ ಓಡಾಡಲು ಆರು ಜನಕ್ಕೆ ಎರಡು ಆಟೊ ಹಿಡಿಯುವುದಕ್ಕಿಂತ ಒಂದು ಗಾಡಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಆದರೆ ಇನ್ನೋವಾ, ಟಿಟಿಗಳ ಮೆಟ್ಟಿಲು ಎತ್ತರ. ಅತ್ತೆ ಮೊದಲ ಸಲ ಇಳಿಯಲು ಒಪ್ಪದಿದ್ದದ್ದಕ್ಕೆ ಅರ್ಧ ಕಾರಣ ಇದೇ ಎಂದು ಎರಡನೇ ಸಲ ಗೊತ್ತಾಯಿತು. ಸೀರೆ ಎತ್ತಿ ಹಿಡಿದು, ಒಂದು ಕೈಯಲ್ಲಿ ಬಾಗಿಲು, ಇನ್ನೊಂದು ಕೈಯಲ್ಲಿ ಮಗನ ಭುಜ ಹಿಡಿದು ದಿನಕ್ಕೆ ಎಂಟು ಸಲ ಹತ್ತಿ ಇಳಿಯುವುದು ಅವರಿಗೆ ಸಂಕೋಚ. ಈ ಬಾರಿ ಮನೆಯಿಂದ ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲ್ ಒಂದನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಹೋದೆವು. ಗಾಡಿ ನಿಂತ ಕೂಡಲೇ ಮಗಳು ಓಡಿಹೋಗಿ ಸ್ಟೂಲ್ ಇಡುವುದು, ಅಜ್ಜಿ ಅದರ ಮೇಲೆ ಕಾಲಿಟ್ಟು ಇಳಿಯುವುದು. ನೂರೈವತ್ತು ರೂಪಾಯಿಯ ಆ ಸ್ಟೂಲು ನಮ್ಮ ಪ್ರವಾಸದ ಅತಿ ಉಪಯೋಗದ ವಸ್ತು. ಸಿಂಕ್ ಎಟುಕದ ಮಗನಿಗೆ ರೂಮಿನಲ್ಲಿ ಹಲ್ಲುಜ್ಜಲೂ ಅದೇ ಆಯಿತು.

ಹೋಟೆಲಿಗೆ ಫೋನ್ ಮಾಡಿದಾಗ ಬಾಡಿಗೆ ಎಷ್ಟು ಎನ್ನುವುದಕ್ಕಿಂತ ಮೊದಲು ಕೆಲವು ವಿಷಯ ವಿಚಾರಿಸಿ. ಲಿಫ್ಟ್ ಇದೆಯೇ, ಇದ್ದರೆ ಕರೆಂಟ್ ಹೋದಾಗಲೂ ನಡೆಯುತ್ತದೆಯೇ? ವೆಸ್ಟರ್ನ್ ಕಮೋಡ್ ಇದೆಯೇ? ಬಿಸಿನೀರು ಎಷ್ಟು ಗಂಟೆಯಿಂದ? ಎರಡು ರೂಮು ಒಂದೇ ಮಹಡಿಯಲ್ಲಿ, ಅಕ್ಕಪಕ್ಕ ಕೊಡುತ್ತಾರೆಯೇ? ರಾತ್ರಿ ಹಾಲು ಬಿಸಿ ಮಾಡಿಕೊಡುತ್ತಾರೆಯೇ? ಅಂತರ್ಜಾಲದಲ್ಲಿ ಹಾಕಿದ ಫೋಟೋಗಳಲ್ಲಿ ಇದು ಯಾವುದೂ ಕಾಣುವುದಿಲ್ಲ. ನಾವು ಮೊದಲ ಸಲ ಉಳಿದ ಲಾಡ್ಜಿನಲ್ಲಿ ರೂಮು ಚೆನ್ನಾಗಿಯೇ ಇತ್ತು, ಬಚ್ಚಲಿಗೆ ಇಳಿಯುವಲ್ಲಿ ಒಂದು ಗೇಣು ಮೆಟ್ಟಿಲಿತ್ತು. ಮಾವ ರಾತ್ರಿ ಅಲ್ಲಿ ಎಡವಿದರು. ಅಂದಿನಿಂದ ನಾನು ಒಂದು ಸಣ್ಣ ನೈಟ್ ಲ್ಯಾಂಪನ್ನು ಬ್ಯಾಗಿನಲ್ಲೇ ಇಟ್ಟುಕೊಂಡಿರುತ್ತೇನೆ. ಹೊಸ ಜಾಗದಲ್ಲಿ ರಾತ್ರಿ ಏಳುವ ಹಿರಿಯರಿಗೂ ಕತ್ತಲಿಗೆ ಹೆದರುವ ಮಗುವಿಗೂ ಅದು ಬೇಕು. ಜಾಗದ ವಿಷಯಕ್ಕೆ ಬಂದರೆ ನಜರ್‌ಬಾದ್ ಕಡೆ ಉಳಿದರೆ ಅರಮನೆ, ಮೃಗಾಲಯ ಎರಡೂ ಹತ್ತಿರ. ಮಧ್ಯಾಹ್ನ ರೂಮಿಗೆ ಮರಳುವ ನಿಯಮ ನಡೆಯಬೇಕಾದರೆ ರೂಮು ಹತ್ತಿರವಿರಲೇಬೇಕು.

ನೀರಿನ ವಿಷಯ

ಇದನ್ನು ಬೇರೆಯಾಗಿಯೇ ಬರೆಯಬೇಕು. ಪ್ರವಾಸದಲ್ಲಿ ಎಷ್ಟೋ ಹಿರಿಯರು, ಅದರಲ್ಲೂ ಹೆಂಗಸರು, ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ. ಬಾಟಲಿ ಕೊಟ್ಟರೆ ಒಂದು ಗುಟುಕು ಕುಡಿದು "ಸಾಕು" ಅನ್ನುತ್ತಾರೆ. ಬಾಯಾರಿಕೆ ಇಲ್ಲದೆ ಅಲ್ಲ. ಕುಡಿದರೆ ಶೌಚಾಲಯ ಹುಡುಕಬೇಕು, ಅದನ್ನು ಮಗನಿಗೋ ಅಳಿಯನಿಗೋ ಹೇಳಬೇಕು, ಎಲ್ಲರೂ ತಮಗಾಗಿ ಕಾಯಬೇಕು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಬಿಸಿಲಿನಲ್ಲಿ ಹೀಗೆ ನೀರು ಬಿಟ್ಟರೆ ತಲೆಸುತ್ತು ಬಂದು ಬೀಳುವ ಅಪಾಯವಿದೆ.

ಪರಿಹಾರ ಸುಲಭ. ಯಾವ ಜಾಗಕ್ಕೆ ಹೋದರೂ ಟಿಕೆಟ್ ತೆಗೆದ ತಕ್ಷಣ ಮೊದಲ ಕೆಲಸ ಶೌಚಾಲಯಕ್ಕೆ ಹೋಗುವುದು, ಎಲ್ಲರೂ ಒಟ್ಟಿಗೆ. "ಮಗುವಿಗೆ ಮಾಡಿಸಬೇಕು, ಬನ್ನಿ ಅತ್ತೆ" ಅಂದರೆ ಸಂಕೋಚದ ಮಾತೇ ಬರುವುದಿಲ್ಲ. ಹೊರಡುವ ಮೊದಲು ಇನ್ನೊಂದು ಸಲ. ಮನೆಯ ಹೆಂಗಸರಲ್ಲಿ ಒಬ್ಬರು ಇದರ ಹೊಣೆ ಹೊತ್ತುಕೊಳ್ಳಿ. ಎರಡನೇ ಪ್ರವಾಸದಲ್ಲಿ ಅತ್ತೆ ದಿನಕ್ಕೆ ಎರಡು ಬಾಟಲಿ ನೀರು ಕುಡಿದರು.

ಮೃಗಾಲಯ, ಅರಮನೆ, ಬೆಟ್ಟ

ಶ್ರೀ ಚಾಮರಾಜೇಂದ್ರ ಮೃಗಾಲಯ 1892ರಲ್ಲಿ ಶುರುವಾದದ್ದು. ದೊಡ್ಡ ಮರಗಳ ನೆರಳು ಧಾರಾಳವಾಗಿದೆ, ಆದರೆ ಪೂರ್ತಿ ಸುತ್ತಲು ಮೂರು ಕಿ.ಮೀ.ಗೂ ಮಿಕ್ಕಿ ನಡೆಯಬೇಕು. ಬಾಗಿಲು ತೆರೆಯುವುದು ಬೆಳಿಗ್ಗೆ 8.30ಕ್ಕೆ. ಆ ಹೊತ್ತಿಗೇ ಒಳಗಿರಿ. ಪ್ರಾಣಿಗಳು ಚುರುಕಾಗಿರುವುದೂ ಆಗಲೇ, ಜನ ಕಡಿಮೆ ಇರುವುದೂ ಆಗಲೇ. ಹಿರಿಯರಿಗೆ ಬ್ಯಾಟರಿ ವಾಹನವಿದೆ, ಟಿಕೆಟ್ ಕೊಳ್ಳುವಾಗಲೇ ವಿಚಾರಿಸಿ. ಪ್ಲಾಸ್ಟಿಕ್ ತಪಾಸಣೆ ಕಟ್ಟುನಿಟ್ಟು, ನೀರಿಗೆ ಸ್ಟೀಲ್ ಬಾಟಲಿಯೇ ಇರಲಿ.

ಒಳಗೆ ಹೋದ ಮೇಲೆ ಎಲ್ಲರೂ ಒಟ್ಟಿಗೆ ನಡೆಯಬೇಕೆಂಬ ಹಟ ಬೇಡ. ಏಳು ವರ್ಷದ ಮಗುವಿಗೆ ಎಲ್ಲ ಪ್ರಾಣಿಯೂ ಬೇಕು. ಮೂರು ವರ್ಷದ್ದಕ್ಕೆ ಮೂರು ಪ್ರಾಣಿ ಸಾಕು. ನನ್ನ ಗಂಡ ಮಗಳನ್ನು ಕರೆದುಕೊಂಡು ಪೂರ್ತಿ ಸುತ್ತಿ ಬಂದರು. ನಾನು, ಅತ್ತೆ, ಮಾವ, ಮಗ ನಾಲ್ವರೂ ಜಿರಾಫೆಯ ಎದುರಿನ ಬೆಂಚಿನಲ್ಲಿ ಮುಕ್ಕಾಲು ಗಂಟೆ ಕೂತೆವು. ಜಿರಾಫೆ ಕತ್ತು ಚಾಚಿ ಎಲೆ ಎಳೆಯುವಾಗ ಅದರ ನಾಲಗೆ ನೇರಳೆ ತಿಂದ ಮಕ್ಕಳ ನಾಲಗೆಯ ಹಾಗೆ ಕಪ್ಪು ನೀಲಿ. ಅದನ್ನು ಮೊದಲು ಕಂಡವರು ಅತ್ತೆ. "ನೋಡೋ, ನೇರಳೆಹಣ್ಣು ತಿಂದಿದೆ" ಅಂದರು. ಮಗ ಈಗಲೂ ಜಿರಾಫೆಯ ಚಿತ್ರ ಕಂಡರೆ ನಾಲಗೆ ಹೊರಗೆ ಚಾಚುತ್ತಾನೆ. ಒಂದೇ ಕಡೆ ಕೂತು ನೋಡಿದ್ದರಿಂದ ಸಿಕ್ಕಿದ್ದು ಇದು.

ಅರಮನೆಗೆ ಬೆಳಿಗ್ಗೆ 10ಕ್ಕೆ ಪ್ರವೇಶ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 1912ರ ಹೊತ್ತಿಗೆ ಕಟ್ಟಿ ಮುಗಿಸಿದ್ದು ಈಗಿರುವ ಅರಮನೆ. ಚಪ್ಪಲಿ ಹೊರಗೆ ಬಿಡಬೇಕು. ಬಿಸಿಲು ಏರಿದ ಮೇಲೆ ಅಂಗಳದ ನೆಲ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಕಾಲು ಸುಟ್ಟದ್ದೇ ಗೊತ್ತಾಗುವುದಿಲ್ಲ, ಸಂಜೆಗೆ ಬೊಬ್ಬೆ ಎದ್ದಿರುತ್ತದೆ. ಹಿರಿಯರಿಗೂ ಮಕ್ಕಳಿಗೂ ದಪ್ಪ ಕಾಲುಚೀಲ ಒಯ್ಯಿರಿ. ಒಳಗಿನ ನುಣುಪು ನೆಲದಲ್ಲಿ ಅದು ಜಾರಬಹುದು, ಹಾಗಾಗಿ ಅಂಗಳ ದಾಟಿದ ಮೇಲೆ ತೆಗೆದು ಜೇಬಿಗೆ ಹಾಕಿಕೊಳ್ಳಲಿ.

ದರ್ಬಾರ್ ಹಾಲ್ ಇರುವುದು ಮೇಲಿನ ಅಂತಸ್ತಿನಲ್ಲಿ, ಮೆಟ್ಟಿಲು ಹತ್ತಬೇಕು. ಆಗದವರು ಅದನ್ನು ಬಿಟ್ಟರೂ ನಷ್ಟವಿಲ್ಲ. ಕೆಳಗಿನ ಗೊಂಬೆತೊಟ್ಟಿ, ಕಲ್ಯಾಣ ಮಂಟಪಗಳೇ ಒಂದು ಗಂಟೆಗೆ ಸಾಕು. ಗ್ಲಾಸ್ಗೋದಲ್ಲಿ ತಯಾರಾಗಿ ಬಂದ ಬಣ್ಣದ ಗಾಜಿನ ಚಾವಣಿಯ ನವಿಲುಗಳನ್ನು ಮಕ್ಕಳು ಎಣಿಸಲಿ. ಸುತ್ತಲ ಗೋಡೆಗಳ ಮೇಲೆ ಹಿಂದಿನ ದಸರಾ ಮೆರವಣಿಗೆಯ 26 ದೊಡ್ಡ ಚಿತ್ರಗಳಿವೆ. ಮಾವ ಅಲ್ಲಿ ನಿಂತರೆ ಕದಲಲೇ ಇಲ್ಲ. ಆನೆಯ ಮುಂದೆ ಹೋಗುವವರು ಯಾರು, ಕುದುರೆಯ ಮೇಲಿನವರು ಯಾರು, ತಾವು ಮಗುವಾಗಿದ್ದಾಗ ಯಾವ ಮೂಲೆಯಲ್ಲಿ ನಿಂತು ನೋಡಿದ್ದು ಎಂದು ಮೊಮ್ಮಗಳ ಕೈ ಹಿಡಿದು ಚಿತ್ರದಿಂದ ಚಿತ್ರಕ್ಕೆ ನಡೆದರು. ಅರಮನೆಯಲ್ಲಿ ಗೈಡ್ ಸಿಗುತ್ತಾರೆ. ನಮಗೆ ಬೇಕಾಗಲಿಲ್ಲ.

ದೀಪಾಲಂಕಾರದ ಸಂಜೆಗೆ ಒಂದು ಮಾತು. ಸಂಜೆ 7ರ ಹೊತ್ತಿಗೆ ಒಂದು ಲಕ್ಷದ ಹತ್ತಿರದಷ್ಟು ಬಲ್ಬುಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಅರ್ಧ ಗಂಟೆ ಮೊದಲೇ ಹೋಗಿ ಹಿರಿಯರಿಗೆ ಕೂರಲು ಜಾಗ ಹಿಡಿಯಿರಿ, ದೀಪ ಆರುವ ಹತ್ತು ನಿಮಿಷ ಮೊದಲೇ ಹೊರಡಿ. ಆರಿದ ಮೇಲೆ ಇಡೀ ಜನಸ್ತೋಮ ಬಾಗಿಲ ಕಡೆಗೆ ಒಟ್ಟಿಗೆ ನುಗ್ಗುತ್ತದೆ.

ಚಾಮುಂಡಿ ಬೆಟ್ಟಕ್ಕೆ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಆದರೆ ಮೇಲಿನವರೆಗೂ ರಸ್ತೆಯಿದೆ. ನಗರ ಬಸ್ ನಿಲ್ದಾಣದಿಂದ 201ನೇ ನಂಬರಿನ ಬಸ್ಸೂ ಹೋಗುತ್ತದೆ. ದೇವಸ್ಥಾನದಲ್ಲಿ ಸಾಲು ಉದ್ದವಿದ್ದರೆ ಹಿರಿಯರ ಗುರುತಿನ ಚೀಟಿ ತೋರಿಸಿ, ನೇರ ಪ್ರವೇಶವಿದೆಯೇ ಎಂದು ಸಿಬ್ಬಂದಿಯನ್ನು ಕೇಳಿ. ಬರುವಾಗ ದೊಡ್ಡ ನಂದಿಯ ಹತ್ತಿರ ಗಾಡಿ ನಿಲ್ಲಿಸಿ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಕಡೆದ ನಂದಿ ಅದು. ಮಕ್ಕಳು ಅದರ ಕೊರಳ ಗಂಟೆಗಳನ್ನು ನೋಡಿ ನಿಂತುಬಿಡುತ್ತಾರೆ. ಬೆಟ್ಟದ ಮೇಲಿಂದ ನಂದಿಯವರೆಗೆ ಮೆಟ್ಟಿಲಲ್ಲಿ ಇಳಿದು ಬರೋಣ ಎಂದು ಯಾರಾದರೂ ಅಂದರೆ ಮಂಡಿನೋವಿನವರನ್ನು ಕರೆದೊಯ್ಯಬೇಡಿ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ.

ರೈಲು ಮ್ಯೂಸಿಯಂ ಚಿಕ್ಕದು. ರೈಲು ನಿಲ್ದಾಣದ ಹತ್ತಿರವೇ, 1979ರಲ್ಲಿ ಶುರುವಾದದ್ದು. ಹಳೆಯ ಉಗಿಬಂಡಿಗಳು, ಮಹಾರಾಣಿಯವರ ಸಲೂನ್ ಬೋಗಿ, ಮಕ್ಕಳ ಪುಟಾಣಿ ರೈಲು ಇವೆ. ಮೂರು ವರ್ಷದ ಮಗುವಿಗೆ ಮೈಸೂರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ.

ಬೃಂದಾವನವನ್ನು ಈ ಬಾರಿ ಬಿಟ್ಟೆವು. ನಗರದಿಂದ ದೂರ, ಕಾರಂಜಿಯ ತನಕ ಉದ್ದದ ನಡಿಗೆ, ಕತ್ತಲಲ್ಲಿ ಮೆಟ್ಟಿಲು, ವಾಪಸಾಗುವ ಹೊತ್ತಿಗೆ ಮಕ್ಕಳಿಗೆ ನಿದ್ದೆ. ನೀರು, ಹಸಿರು ನೋಡಲೇಬೇಕಿದ್ದರೆ ಬೆಳಿಗ್ಗೆ ಬೇಗ ರಂಗನತಿಟ್ಟಿಗೆ ಹೋಗಿ. ದೋಣಿಯಲ್ಲಿ ಕೂತರೆ ಸಾಕು, ಹಕ್ಕಿಗಳೂ ಬಂಡೆಯ ಮೇಲೆ ಮಲಗಿದ ಮೊಸಳೆಗಳೂ ಅಜ್ಜನಿಗೂ ಮೊಮ್ಮಗನಿಗೂ ಸಮಾನವಾಗಿ ಕಾಣುತ್ತವೆ. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ, ವಿಚಾರಿಸಿಕೊಂಡು ಹೊರಡಿ.

ಊಟ, ಮಾತ್ರೆ, ಜೇಬು

ಹಿರಿಯರ ಊಟದ ಹೊತ್ತು ತಪ್ಪಿಸಬೇಡಿ. ಹೋಟೆಲುಗಳಲ್ಲಿ ಮಧ್ಯಾಹ್ನ ಒಂದೂವರೆಯ ಮೇಲೆ ಜಾಗಕ್ಕೆ ಕಾಯಬೇಕು, ಹನ್ನೆರಡೂವರೆಗೇ ಕೂತುಬಿಡಿ. ನಜರ್‌ಬಾದಿನ ಮೈಲಾರಿ ದೋಸೆ ಹೆಸರುವಾಸಿ. ಗರಿಗರಿ ಅಲ್ಲ, ಬೆಣ್ಣೆ ಹಾಕಿದ ಮೆತ್ತನೆಯ ದೋಸೆ. ಹಲ್ಲಿಲ್ಲದ ಅಜ್ಜನೂ ಹಲ್ಲು ಬರುತ್ತಿರುವ ಕೂಸೂ ಒಂದೇ ತಟ್ಟೆಯಲ್ಲಿ ತಿನ್ನಬಹುದು. ಚಿಕ್ಕ ಮಕ್ಕಳಿಗೆ ಹೊರಗಿನ ನೀರು, ಹೆಚ್ಚಿಟ್ಟ ಹಣ್ಣು ಬೇಡ. ಬಾಳೆಹಣ್ಣು, ಅವಲಕ್ಕಿ, ಮನೆಯ ರಾಗಿ ಹುರಿಹಿಟ್ಟು ಬ್ಯಾಗಿನಲ್ಲಿರಲಿ.

ಮಾತ್ರೆಗಳನ್ನು ಎರಡು ಬ್ಯಾಗಿನಲ್ಲಿ ಹಂಚಿಡಿ, ಒಂದು ಕಳೆದರೆ ಇನ್ನೊಂದಿರುತ್ತದೆ. ವೈದ್ಯರ ಚೀಟಿಯ ಫೋಟೋ ಇಬ್ಬರ ಫೋನಿನಲ್ಲಿರಲಿ. ಇನ್ಸುಲಿನ್ ಅನ್ನು ಬಿಸಿಲಿಗೆ ನಿಂತ ಗಾಡಿಯಲ್ಲಿ ಬಿಡಬೇಡಿ. ತುರ್ತಿಗೆ 112, ಆಂಬುಲೆನ್ಸಿಗೆ 108. ಮಗುವಿನ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇಡುತ್ತೇವಲ್ಲ, ಅಂಥದ್ದೇ ಒಂದು ಚೀಟಿ, ಹೋಟೆಲಿನ ಹೆಸರಿನ ಸಮೇತ, ಹಿರಿಯರ ಜೇಬಿನಲ್ಲೂ ಇರಲಿ. ಮಾರುಕಟ್ಟೆಯ ಗದ್ದಲದಲ್ಲಿ ಕೈತಪ್ಪುವುದು ಮಕ್ಕಳು ಮಾತ್ರವಲ್ಲ.

ಇನ್ನೊಂದು ವಿಷಯ. ಪ್ರತಿ ಟಿಕೆಟಿಗೂ, ಪ್ರತಿ ಕಾಫಿಗೂ ಮಗನೇ ದುಡ್ಡು ಕೊಡುತ್ತಾ ಹೋದರೆ ಹಿರಿಯರು ಮನಸ್ಸಿನಲ್ಲೇ ಲೆಕ್ಕ ಹಾಕಿ ಕುಗ್ಗುತ್ತಾರೆ. ಹೊರಡುವ ಮುನ್ನವೇ ಅವರ ಕೈಗೆ ಒಂದಿಷ್ಟು ಚಿಲ್ಲರೆ ನೋಟು ಕೊಡಿ, ಅಥವಾ ಅವರದೇ ದುಡ್ಡು ಇದ್ದರೆ ಖರ್ಚು ಮಾಡಲು ಬಿಡಿ. ಮಂಗಳವಾರ ಸಂಜೆ ಮಕ್ಕಳನ್ನು ರೂಮಿನಲ್ಲಿ ಅಪ್ಪನ ಹತ್ತಿರ ಬಿಟ್ಟು ನಾನು ಅತ್ತೆಯನ್ನು ಮಾತ್ರ ದೇವರಾಜ ಮಾರುಕಟ್ಟೆಗೆ ಕರೆದುಕೊಂಡು ಹೋದೆ. ಅಲ್ಲಿನ ಓಣಿ ಕಿರಿದು, ನೆಲ ಒದ್ದೆ, ಚಿಕ್ಕ ಮಕ್ಕಳನ್ನು ಹಿಡಿದುಕೊಂಡು ಓಡಾಡುವ ಜಾಗವಲ್ಲ. ಹೂವಿನ ಸಾಲಿನಲ್ಲಿ ಅವರು ಮೈಸೂರು ಮಲ್ಲಿಗೆ ಚೌಕಾಸಿ ಮಾಡಿ ಕೊಂಡರು, ಒಂದು ಕಟ್ಟು ವೀಳ್ಯದೆಲೆ ಕೊಂಡರು, ಮೊಮ್ಮಗಳಿಗೆ ಬಳೆ. ದುಡ್ಡು ತಾವೇ ಕೊಟ್ಟರು. ಒಂದೂವರೆ ಗಂಟೆ ನಡೆದರು, ಒಮ್ಮೆಯೂ ಮಂಡಿಯ ಸುದ್ದಿ ಎತ್ತಲಿಲ್ಲ.

ಮುಂದಿನ ರಜೆಗೆ ನೀವೂ ಹೊರಡುವವರಿದ್ದರೆ, ಟಿಕೆಟ್ ಮಾಡಿಸುವ ಮೊದಲು ಇವತ್ತೇ ಮನೆಗೆ ಒಂದು ಫೋನ್ ಮಾಡಿ. "ಅಮ್ಮ, ಆ ಊರಲ್ಲಿ ನಿನಗೇನು ನೋಡಬೇಕು?" ಎಂದು ಕೇಳಿ. "ನನಗೇನೂ ಬೇಡ" ಅಂದರೆ ಫೋನ್ ಇಡಬೇಡಿ, ಇನ್ನೊಮ್ಮೆ ಕೇಳಿ.